ಸೋನಿ, ಮೈಕ್ರೋಸಾಫ್ಟ್, ನಿಂಟೆಂಡೋ: ಮುಚ್ಚಳ ಬಿಚ್ಚಿ ನೋಡಿದರೆ ಯಾರು ಮೇಲು?

ಕನ್ಸೋಲ್ ರಿಪೇರಿ ತಂತ್ರಜ್ಞರನ್ನು ಕೇಳಿ: ಗುಂಪಿನ ಪ್ರಶ್ನೋತ್ತರ

ಪ್ರಶ್ನೆ: ಸರ್, ಸುತ್ತಿಬಳಸದೆ ಕೇಳ್ತೀನಿ. ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಂಟೆಂಡೋದ ಸ್ವಿಚ್ 2, ಈ ಮೂರು ಗೇಮ್ ಕನ್ಸೋಲ್‌ಗಳಲ್ಲಿ ಕೊಂಡವನ ಬಗ್ಗೆ ಯೋಚನೆ ಮಾಡಿ ಕಟ್ಟಿರೋದು ಯಾವುದು? ಯಾರ ಗೇಮ್ ಚೆಂದ ಅನ್ನೋ ಜಗಳ ಇಲ್ಲಿ ದಿನಾ ಇದ್ದಿದ್ದೇ, ಅದನ್ನ ಬಿಡಿ. 12 ಟೆರಾಫ್ಲಾಪ್ (ಚಿಪ್ಪು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತೆ ಅನ್ನೋ ಅಳತೆ) ಇರೋ ಎಕ್ಸ್‌ಬಾಕ್ಸ್ ಮುಂದೆ ಉಳಿದವು ಸಪ್ಪೆ ಅನ್ನೋದು ನನ್ನ ವಾದ.

ಉತ್ತರ: ಆ ಲೆಕ್ಕ ಸುಳ್ಳಲ್ಲ, ಆದರೆ ಅದರಿಂದ ತೀರ್ಮಾನ ಮಾಡೋಕಾಗಲ್ಲ. ಸೀರೀಸ್ ಎಕ್ಸ್‌ನಲ್ಲಿ 52 ಕಂಪ್ಯೂಟ್ ಯೂನಿಟ್‌ಗಳು (ಚಿತ್ರದ ಲೆಕ್ಕ ಮಾಡುವ ಭಾಗಗಳು) 1.825 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಪಿಎಸ್5ನಲ್ಲಿ 36 ಯೂನಿಟ್, ಆದರೆ ವೇಗ 2.23 ಗಿಗಾಹರ್ಟ್ಸ್‌ವರೆಗೆ, ಒಟ್ಟು 10.28 ಟೆರಾಫ್ಲಾಪ್. ಎರಡರ ಚಿಪ್ಪೂ ಎಎಂಡಿ ಕಂಪನಿಯದ್ದೇ, ಎರಡಕ್ಕೂ ಮೆಮೊರಿ 16 ಜಿಬಿ. ಒಂದೇ ಗೇಮನ್ನ ಎರಡರಲ್ಲೂ ಹಾಕಿ ನೋಡಿದರೆ ವ್ಯತ್ಯಾಸವನ್ನ ಹುಡುಕಿ ತೆಗೀಬೇಕು.

ಕಂಪನಿಯ ಮನಸ್ಸು ಕಾಣೋದು ಸವೆಯುವ ಭಾಗಗಳಲ್ಲಿ. ಕಂಟ್ರೋಲರ್‌ನ ಸ್ಟಿಕ್, ಎಸ್‌ಎಸ್‌ಡಿ (ಗೇಮ್‌ಗಳನ್ನ ಇಟ್ಟುಕೊಳ್ಳುವ ಸ್ಟೋರೇಜ್), ಡಿಸ್ಕ್ ಡ್ರೈವ್, ಫ್ಯಾನ್, ಟಿವಿಗೆ ಜೋಡಿಸುವ ಎಚ್‌ಡಿಎಂಐ ಪೋರ್ಟ್, ಕೈಯಲ್ಲಿ ಹಿಡಿಯುವ ಕನ್ಸೋಲ್ ಆದರೆ ಬ್ಯಾಟರಿ. ಇವುಗಳಲ್ಲಿ ಯಾವುದನ್ನ ನೀವೇ ಬದಲಾಯಿಸಬಹುದು? ಬದಲಾಯಿಸಿದ ಮೇಲೆ ಸಾಫ್ಟ್‌ವೇರ್ ಅದನ್ನ ಒಪ್ಪುತ್ತಾ? ಹೀಗೆ ಕೇಳಿಕೊಂಡು ಹೋದರೆ ಮೂವರಲ್ಲಿ ಯಾರಿಗೂ ಪೂರ್ತಿ ಅಂಕ ಸಿಗಲ್ಲ. ಸ್ಟೋರೇಜ್ ವಿಷಯದಲ್ಲಿ ಸೋನಿ ಕೈಬಿಚ್ಚಿ ಕೊಟ್ಟಿದೆ. ತಂಪಾಗಿಡೋದರಲ್ಲಿ, ಹಳೇ ಗೇಮ್‌ಗಳನ್ನ ಉಳಿಸಿಕೊಳ್ಳೋದರಲ್ಲಿ ಮೈಕ್ರೋಸಾಫ್ಟ್ ಮುಂದು. ನಿಂಟೆಂಡೋ ಮೊದಲ ಸ್ವಿಚ್‌ನಲ್ಲಿ ರಿಪೇರಿಯವರಿಗೆ ಕೊಟ್ಟಿದ್ದನ್ನ ಎರಡನೆಯದರಲ್ಲಿ ವಾಪಸ್ ಕಿತ್ತುಕೊಂಡಿದೆ.

ಮರುಪ್ರಶ್ನೆ: ಸ್ಟೋರೇಜ್‌ನಲ್ಲಿ ಸೋನಿ ಮೇಲು ಹೇಗೆ ಸರ್? ಎಕ್ಸ್‌ಬಾಕ್ಸ್‌ನಲ್ಲಿ ಹಿಂದೆ ಕಾರ್ಡ್ ಸಿಕ್ಕಿಸಿದರೆ ಮುಗೀತು, ಸ್ಕ್ರೂಡ್ರೈವರ್ ಮುಟ್ಟೋದೇ ಬೇಡ.

ಉತ್ತರ: ಸುಲಭ ಅನ್ನೋದು ಒಪ್ಪಿದೆ. ಆದರೆ ಆ ಸ್ಲಾಟಿಗೆ ಅದಕ್ಕಂತಲೇ ಮಾಡಿದ ಕಾರ್ಡೇ ಬೇಕು. 2020ರಿಂದ ಸೀಗೇಟ್ ಒಂದೇ ಮಾಡ್ತಿತ್ತು, 2023ರಲ್ಲಿ ವೆಸ್ಟರ್ನ್ ಡಿಜಿಟಲ್ ಸೇರಿತು. ಪಿಎಸ್5ಗೆ ಕಂಪ್ಯೂಟರ್‌ಗೆ ಹಾಕುವ, ಎಂ.2 ಅನ್ನೋ ತೆಳ್ಳನೆ ಪಟ್ಟಿಯಂಥ ಎಸ್‌ಎಸ್‌ಡಿಯೇ ಸಾಕು. ನೋಡಬೇಕಾದ್ದು ಇಷ್ಟು: ಪಿಸಿಐಇ (ಎಸ್‌ಎಸ್‌ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) 4ನೇ ತಲೆಮಾರಿನದ್ದಾಗಿರಬೇಕು, ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಅದಕ್ಕಿಂತ ಹೆಚ್ಚಿರಲಿ ಅಂತ ಸೋನಿಯ ಸಲಹೆ, ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಭಾಗ) ಕಡ್ಡಾಯ. ಹೀಟ್‌ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿಮೀ, ಅಗಲ 25 ಮಿಮೀ ದಾಟಬಾರದು. ಎಷ್ಟೋ ಜನ ಎಡವೋದು ಇಲ್ಲೇ. ಕಂಪ್ಯೂಟರ್‌ಗೆ ಮಾಡಿದ ಎತ್ತರದ ಹೀಟ್‌ಸಿಂಕ್ ತಂದುಬಿಡ್ತಾರೆ, ಆಮೇಲೆ ಸ್ಲಾಟಿನ ಮುಚ್ಚಳ ಕೂರಲ್ಲ.

ಹಾಕುವ ಕ್ರಮ: ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ ವೈರ್ ಕಿತ್ತುಬಿಡಿ. ಪಕ್ಕದ ಕವಚ ತೆಗೆದರೆ ಒಂದೇ ಸ್ಕ್ರೂ ಇರುವ ಉದ್ದನೆಯ ಲೋಹದ ಮುಚ್ಚಳ ಕಾಣುತ್ತೆ. ಅದನ್ನ ಬಿಚ್ಚಿ, ಒಳಗಿನ ಸ್ಪೇಸರನ್ನ ನಿಮ್ಮ ಎಸ್‌ಎಸ್‌ಡಿಯ ಉದ್ದಕ್ಕೆ ಸರಿಯಾದ ತೂತಿಗೆ ಸರಿಸಿ. ಸಾಮಾನ್ಯವಾಗಿ 80 ಅಂತ ಬರೆದಿರುವ ತೂತು. ಎಸ್‌ಎಸ್‌ಡಿಯನ್ನ ಓರೆಯಾಗಿ ತೂರಿಸಿ, ಕೆಳಕ್ಕೆ ಒತ್ತಿ, ಸ್ಕ್ರೂ ಹಾಕಿ. ಸ್ಪೇಸರ್ ಸರಿಸೋದನ್ನ ಮರೆತು ಸ್ಕ್ರೂ ಬಿಗಿದರೆ ಬೋರ್ಡ್ ಬಾಗುತ್ತೆ. ಆನ್ ಮಾಡಿದಾಗ ಫಾರ್ಮ್ಯಾಟ್ ಕೇಳುತ್ತೆ, ಮುಗಿದ ಮೇಲೆ ಓದುವ ವೇಗವನ್ನೂ ತೋರಿಸುತ್ತೆ. ಹೊರಗಿನ ಯುಎಸ್‌ಬಿ ಡ್ರೈವ್‌ನಲ್ಲಿ ಪಿಎಸ್5 ಗೇಮ್ ಇಟ್ಟುಕೊಳ್ಳಬಹುದು, ಅಲ್ಲಿಂದಲೇ ಆಡೋಕಾಗಲ್ಲ. ಪಿಎಸ್4 ಗೇಮ್ ಆದರೆ ಆಡಬಹುದು.

ಸೋನಿಯನ್ನ ಬರೀ ಹೊಗಳೋದೂ ಬೇಡ. ಪಿಎಸ್5ನ ಮೂಲ ಸ್ಟೋರೇಜ್ ಚಿಪ್‌ಗಳು ಮದರ್‌ಬೋರ್ಡಿಗೇ ಬೆಸುಗೆಯಾಗಿವೆ. ಅವು ಸತ್ತರೆ ಎಂ.2 ಹಾಕಿ ಬದುಕಿಸೋಕಾಗಲ್ಲ. ಸೀರೀಸ್ ಎಕ್ಸ್‌ನಲ್ಲಿ ಒಳಗಿನದ್ದೂ ಕಳಚಬಹುದಾದ ಪುಟ್ಟ ಎಂ.2 ಕಾರ್ಡೇ, ಆದರೆ ಅದು ಆಯಾ ಯಂತ್ರಕ್ಕೇ ಬೀಗ ಹಾಕಿದ್ದು. ಖಾಲಿ ಕಾರ್ಡ್ ಹಾಕಿದರೆ ಬೂಟ್ ಆಗಲ್ಲ. ಬಾಗಿಲು ತೆರೆದಿಟ್ಟು ಒಳಗಿನಿಂದ ಚಿಲಕ ಹಾಕಿದ ಹಾಗೆ.

ಪ್ರಶ್ನೆ: ಪಿಎಸ್5ನ ಲಿಕ್ವಿಡ್ ಮೆಟಲ್ ಸೋರುತ್ತೆ, ನಿಲ್ಲಿಸಿ ಇಡಬಾರದು ಅಂತ ಎಲ್ಲ ಕಡೆ ಹೇಳ್ತಾರೆ. ನಿಜಾನಾ?

ಉತ್ತರ: ನಿಲ್ಲಿಸಿಡೋಕೂ ಅಂತಲೇ ವಿನ್ಯಾಸ ಮಾಡಿರೋದು. ಲಿಕ್ವಿಡ್ ಮೆಟಲ್ ಅಂದರೆ ಚಿಪ್ಪಿನ ಬಿಸಿಯನ್ನ ಹೀಟ್‌ಸಿಂಕಿಗೆ ದಾಟಿಸುವ ದ್ರವ ಲೋಹ. ಚಿಪ್ಪಿನ ಸುತ್ತ ಫೋಮ್ ಕಟ್ಟೆ ಇರುತ್ತೆ, ದ್ರವ ಅದರೊಳಗೆ ಉಳಿಯಬೇಕು. ಯಂತ್ರ ಬಿದ್ದಿದ್ದರೆ, ಅಥವಾ ಯಾರೋ ಹೀಟ್‌ಸಿಂಕ್ ಎತ್ತಿ ಮತ್ತೆ ಕೂರಿಸಿದ್ದರೆ ಕಟ್ಟೆ ಸಡಿಲವಾಗಿ ಒಂದು ಕಡೆ ಒಣಗುತ್ತೆ, ಇನ್ನೊಂದು ಕಡೆ ತುಂಬುತ್ತೆ. ಆಗ ಭಾರಿ ಗೇಮ್ ಶುರುವಾದ ಸ್ವಲ್ಪ ಹೊತ್ತಿಗೆ ಬಿಸಿ ಎಚ್ಚರಿಕೆ ಬಂದು ಆಫ್ ಆಗುತ್ತೆ. ಈ ಲೋಹದಲ್ಲಿ ಗ್ಯಾಲಿಯಂ ಇದೆ. ವಿದ್ಯುತ್ ಹರಿಸುತ್ತೆ, ಅಲ್ಯೂಮಿನಿಯಂ ತಾಗಿದರೆ ತಿಂದುಹಾಕುತ್ತೆ. ಚಿಪ್ಪಿನ ಪಕ್ಕದ ಬಿಡಿಭಾಗಗಳ ಮೇಲೆ ಒಂದು ಹನಿ ಬಿದ್ದರೂ ಶಾರ್ಟ್. ಹಾಗಾಗಿ ಚೆನ್ನಾಗಿ ಓಡ್ತಿರೋ ಪಿಎಸ್5ನ "ಸರ್ವಿಸ್" ಹೆಸರಲ್ಲಿ ಪೂರ್ತಿ ಬಿಚ್ಚೋದೇ ದೊಡ್ಡ ತಪ್ಪು. ಧೂಳು ತೆಗೆಯೋಕೆ ಪಕ್ಕದ ಕವಚ ತೆಗೆದರೆ ಸಾಕು. ಧೂಳು ಸೇರಲಿ ಅಂತಲೇ ಮಾಡಿರುವ ಎರಡು ತೂತುಗಳಿವೆ, ವ್ಯಾಕ್ಯೂಮ್‌ನಿಂದ ಎಳೆದುಬಿಡಿ. ಫ್ಯಾನಿನ ರೆಕ್ಕೆ ಗಿರ್ರನೆ ತಿರುಗದ ಹಾಗೆ ಬೆರಳಲ್ಲಿ ಹಿಡಿದಿರಿ.

ಸೀರೀಸ್ ಎಕ್ಸ್‌ನಲ್ಲಿ ಈ ತಲೆನೋವಿಲ್ಲ. ಬಿಸಿ ದಾಟಿಸುವ ಮಾಮೂಲಿ ಪೇಸ್ಟ್, ಬಿಸಿಯನ್ನ ಆವಿಯ ಮೂಲಕ ಹರಡುವ ವೇಪರ್ ಚೇಂಬರ್, ಮೇಲೊಂದು ದೊಡ್ಡ ಫ್ಯಾನ್. ಬಿಸಿ ಗಾಳಿ ನೇರ ಮೇಲಕ್ಕೆ. ಅದರ ಮೇಲೆ ಏನೂ ಇಡದಿದ್ದರೆ ಸಾಕು.

ಇನ್ನೊಬ್ಬ ಸದಸ್ಯರು: ಮೈಕ್ರೋಸಾಫ್ಟ್ ತಂಪಾಗಿಡೋದರಲ್ಲಿ ಮುಂದು ಅಂತೀರಲ್ಲ ಸರ್, 360ರ ಕೆಂಪು ಉಂಗುರ ಮರೆತುಹೋಯ್ತಾ? 😄

ಉತ್ತರ: ಹೇಗೆ ಮರೆಯೋದು. ಯಂತ್ರ ಕೆಟ್ಟಾಗ ಮುಂಭಾಗದಲ್ಲಿ ಹೊತ್ತುತ್ತಿದ್ದ ಕೆಂಪು ದೀಪಗಳು. ಅಲ್ಲಿ ತಿಂದ ಪೆಟ್ಟಿನಿಂದಲೇ ಈಗ ಇಷ್ಟು ಎಚ್ಚರ ಅನ್ನೋದು ನನ್ನ ಊಹೆ. ಎಕ್ಸ್‌ಬಾಕ್ಸ್ 360 ಬಂದಿದ್ದು 2005ರ ನವೆಂಬರ್‌ನಲ್ಲಿ. 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನ ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿಟ್ಟಿತು. ಬರೀ ಬಿಸಿ ಹೆಚ್ಚಾಗಿದ್ದು ಕಾರಣ ಅಲ್ಲ. ಆನ್ ಮಾಡಿದಾಗ ಬಿಸಿ, ಆಫ್ ಮಾಡಿದಾಗ ತಣ್ಣಗೆ. ಈ ಹಿಗ್ಗು-ಕುಗ್ಗು ನೂರಾರು ಸಲ ಆಗಿ ಚಿಪ್ಪಿನೊಳಗಿನ ಸಂಪರ್ಕಗಳು ಬಿರುಕು ಬಿಟ್ಟವು. ಟವೆಲ್ ಸುತ್ತಿ ಬಿಸಿ ಮಾಡಿದರೆ ಸರಿಹೋಗುತ್ತೆ ಅಂತ ಹಬ್ಬಿತ್ತಲ್ಲ, ಅದು ಬಿರುಕನ್ನ ಕೆಲವು ದಿನ ಕೂಡಿಸೋದಷ್ಟೇ. ಅದೇ ಕಾಲದ ಪಿಎಸ್3ಗಳು ಕೆಟ್ಟಾಗ ಹೊತ್ತುತ್ತಿದ್ದ ಹಳದಿ ದೀಪವೂ ಕುಖ್ಯಾತವೇ. ಸೋನಿ ಅಭಿಮಾನಿಗಳು ಇದನ್ನ ಬೇಗ ಮರೀತಾರೆ.

ಪ್ರಶ್ನೆ: ಸ್ವಿಚ್‌ನ ಕಂಟ್ರೋಲರ್ ಇದೆಯಲ್ಲ, ಜಾಯ್-ಕಾನ್, ಅದರ ಸ್ಟಿಕ್ ಮುಟ್ಟದಿದ್ದರೂ ತಾನೇ ಸರಿಯುತ್ತಲ್ಲ, ಆ ಡ್ರಿಫ್ಟ್ ಬಗ್ಗೆ ಹೇಳಿ. ನಿಂಟೆಂಡೋ ಒಂದೇ ಇಷ್ಟು ಕಳಪೆ ಸ್ಟಿಕ್ ಹಾಕೋದಾ?

ಉತ್ತರ: ಮೂವರೂ ಹಾಕೋದು ಒಂದೇ ಜಾತಿಯ ಸ್ಟಿಕ್. ಒಳಗೆ ಇಂಗಾಲದ ಪಟ್ಟಿ, ಅದರ ಮೇಲೆ ಉಜ್ಜುವ ಲೋಹದ ನಾಲಿಗೆ. ಎಲ್ಲಿ ತಾಗಿದೆ ಅನ್ನೋದರ ಮೇಲೆ ವೋಲ್ಟೇಜ್ ಬದಲಾಗುತ್ತೆ, ಕನ್ಸೋಲ್ ಅದನ್ನ ದಿಕ್ಕು ಅಂತ ಓದುತ್ತೆ. ಸ್ಟಿಕ್ ಪ್ರತಿ ಸಲ ಮಧ್ಯಕ್ಕೇ ವಾಪಸ್ ಬರೋದರಿಂದ ಸವೆತ ಮಧ್ಯದಲ್ಲೇ ಜಾಸ್ತಿ. ಅಲ್ಲಿ ಓದು ಅಲುಗಾಡೋಕೆ ಶುರುವಾದರೆ ಅದೇ ಡ್ರಿಫ್ಟ್. ಜಾಯ್-ಕಾನ್‌ನಲ್ಲಿ ಎಲ್ಲವೂ ತೀರಾ ತೆಳ್ಳಗೆ, ಧೂಳು ತಡೆಯುವ ಜಾಗವೂ ಕಡಿಮೆ. ಅದಕ್ಕೇ ಹೆಸರು ಕೆಟ್ಟಿತು. 2020ರಲ್ಲಿ ಕಂಪನಿಯ ಅಧ್ಯಕ್ಷ ಫುರುಕಾವಾ ಕ್ಷಮೆ ಕೇಳಿದರು. 2023ರಲ್ಲಿ ಯುರೋಪಿನ ಗ್ರಾಹಕ ಸಂಸ್ಥೆಗಳ ಒತ್ತಡಕ್ಕೆ ಅಲ್ಲಿ ವಾರಂಟಿ ಮುಗಿದರೂ ಉಚಿತ ರಿಪೇರಿಗೆ ಒಪ್ಪಿದರು.

ಉಜ್ಜಾಟವೇ ಇಲ್ಲದ ಹಾಲ್ ಸಂವೇದಕ ಹೊಸ ವಿದ್ಯೆಯೇನಲ್ಲ. ಅಯಸ್ಕಾಂತದ ದೂರ ನೋಡಿ ದಿಕ್ಕು ಹೇಳುತ್ತೆ. 1998ರಲ್ಲೇ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ಗೆ ಅದನ್ನ ಹಾಕಿತ್ತು. 2001ರಲ್ಲಿ ಸೆಗಾ ಕನ್ಸೋಲ್ ವ್ಯಾಪಾರವನ್ನೇ ಬಿಟ್ಟಿತು, ಒಳ್ಳೆ ಪಾಠ ಯಾರೂ ಕಲೀಲಿಲ್ಲ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಸ್ಟಿಕ್ಕೂ ಹಾಲ್ ಅಲ್ಲ. ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್ ಕಂಟ್ರೋಲರ್‌ನಲ್ಲಿ ಸ್ಟಿಕ್ ಭಾಗವನ್ನೇ ಕಳಚಿ ಹೊಸದು ಹಾಕಬಹುದು, ಆದರೆ ಹೊಸದೂ ಅದೇ ಉಜ್ಜುವ ಜಾತಿ. ಈ ವಿಷಯದಲ್ಲಿ ಮೂವರ ಮೇಲೂ ನನಗೆ ಸಿಟ್ಟಿದೆ.

ಮರುಪ್ರಶ್ನೆ: ಮನೆಯಲ್ಲೇ ಬದಲಾಯಿಸಬಹುದಾ?

ಉತ್ತರ: ಹಳೇ ಸ್ವಿಚ್‌ನ ಜಾಯ್-ಕಾನ್ ಆದರೆ ಖಂಡಿತ. ಬೆಸುಗೆ ಕೆಲಸವೇ ಇಲ್ಲ. ಹಿಂಬದಿಯ ನಾಲ್ಕು ಸ್ಕ್ರೂಗೆ ಮೂರು ರೆಕ್ಕೆಯ ವೈ00 ಡ್ರೈವರ್ ಬೇಕು, ಒಳಗಿನವಕ್ಕೆ ಸಣ್ಣ ಫಿಲಿಪ್ಸ್. ಹಿಂಬದಿಯನ್ನ ಎಳೆದು ಬೇರ್ಪಡಿಸಬೇಡಿ, ಎರಡು ಅರ್ಧಗಳ ನಡುವೆ ರಿಬ್ಬನ್ ಕೇಬಲ್ ಇದೆ. ಪುಸ್ತಕದ ಹಾಗೆ ತೆರೀರಿ. ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ. ಸ್ಟಿಕ್ ನಿಂತಿರೋದು ಎರಡು ಸ್ಕ್ರೂ ಮತ್ತು ಒಂದು ಚಪ್ಪಟೆ ರಿಬ್ಬನ್ ಮೇಲೆ. ರಿಬ್ಬನ್ ಹಿಡಿದಿರುವ ಕಪ್ಪು ಚಿಲಕವನ್ನ ಉಗುರಿನಿಂದ ಮೇಲಕ್ಕೆತ್ತಿದ ಮೇಲೇ ಎಳೀಬೇಕು. ಇದು ಮುರಿದರೆ ಸಣ್ಣ ಕೆಲಸ ದೊಡ್ಡದಾಗುತ್ತೆ. ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್ (ಮಧ್ಯಬಿಂದು ಹೊಂದಿಸೋದು) ಮಾಡಿ.

ಪಿಎಸ್5ನ ಮಾಮೂಲಿ ಡ್ಯುಯಲ್‌ಸೆನ್ಸ್, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಲ್ಲಿ ಪ್ರತಿ ಸ್ಟಿಕ್ಕಿಗೆ 14 ಬೆಸುಗೆ ಬಿಂದುಗಳು. ಕಾರ್ಖಾನೆಯ ಬೆಸುಗೆಯಲ್ಲಿ ಸೀಸ ಇರಲ್ಲ, ಕರಗೋಕೆ 217 ಡಿಗ್ರಿ ಆಸುಪಾಸು ಬೇಕು. ಮೊದಲು ಪ್ರತಿ ಬಿಂದುವಿಗೂ ಸೀಸದ ಬೆಸುಗೆ ಸೇರಿಸಿ, ಕರಗುವ ಉಷ್ಣತೆ ಇಳಿಯುತ್ತೆ. ಆಮೇಲೆ ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯೋಕೆ ಹಚ್ಚುವ ವಸ್ತು) ಹಚ್ಚಿ ತಾಮ್ರದ ಜಡೆಯಿಂದ ಹೀರಿ. ಗ್ರೌಂಡ್ ಬಿಂದುಗಳು ಬಿಸಿಯನ್ನೆಲ್ಲ ನುಂಗುತ್ತವೆ, ಅಲ್ಲಿ ತಾಳ್ಮೆ ಬೇಕು. ಪೂರ್ತಿ ಬಿಡದೆ ಸ್ಟಿಕ್ಕನ್ನ ಎಳೆದರೆ ಬೋರ್ಡಿನ ತಾಮ್ರವೇ ಎದ್ದುಬರುತ್ತೆ. ಹೊಸ ಸ್ಟಿಕ್ಕಿನ ಮಧ್ಯಬಿಂದು ಹಳೆಯದರ ಹಾಗೇ ಇರಲ್ಲ, ಡ್ಯುಯಲ್‌ಸೆನ್ಸ್‌ನಲ್ಲಿ ಅದನ್ನ ಬ್ರೌಸರ್‌ನಲ್ಲಿ ಓಡುವ ಕ್ಯಾಲಿಬ್ರೇಶನ್ ಸಾಧನದಿಂದ ಹೊಂದಿಸಿ ಶಾಶ್ವತವಾಗಿ ಉಳಿಸಬೇಕು.

ಇಷ್ಟಕ್ಕೆಲ್ಲ ಇಳಿಯೋ ಮುಂಚೆ ಡ್ಯುಯಲ್‌ಸೆನ್ಸ್ ಆದರೆ ಹಿಂಬದಿಯ ಪುಟ್ಟ ತೂತಿಗೆ ಪಿನ್ ಹಾಕಿ ಐದು ಸೆಕೆಂಡ್ ಒತ್ತಿ ರೀಸೆಟ್ ಮಾಡಿ ನೋಡಿ, ಗೇಮಿನಲ್ಲಿ ಡೆಡ್‌ಜೋನ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನ ಲೆಕ್ಕಕ್ಕೆ ತಗೊಳ್ಳದ ಜಾಗ) ಸ್ವಲ್ಪ ಏರಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಧೂಳಿದ್ದರೆ ಕೆಲಸ ಮಾಡುತ್ತೆ, ಸವೆದ ಇಂಗಾಲವನ್ನ ವಾಪಸ್ ತರಲ್ಲ.

ಪ್ರಶ್ನೆ: ಡಿಸ್ಕ್ ತಗೊಳ್ಳೋದಾ, ಡಿಜಿಟಲ್ಲಾ? ಹತ್ತು ವರ್ಷ ಆದ ಮೇಲೂ ಆಡೋಕಾಗಬೇಕು.

ಉತ್ತರ: ಹಳೆಯದನ್ನ ಆಡಿಸೋದರಲ್ಲಿ ಸೀರೀಸ್ ಎಕ್ಸ್ ಗೆಲ್ಲುತ್ತೆ: ಆಯ್ದ ಮೂಲ ಎಕ್ಸ್‌ಬಾಕ್ಸ್ ಮತ್ತು 360 ಡಿಸ್ಕ್‌ಗಳು, ಎಕ್ಸ್‌ಬಾಕ್ಸ್ ಒನ್‌ನ ಬಹುತೇಕ ಎಲ್ಲವೂ. ಪಿಎಸ್5 ಪಿಎಸ್4ರವರೆಗೆ ಮಾತ್ರ. ಪಿಎಸ್3 ಡಿಸ್ಕ್ ಹಾಕಿದರೆ ಓಡಲ್ಲ. ಅದರೊಳಗಿನ ಸೆಲ್ ಅನ್ನೋ ಪ್ರೊಸೆಸರನ್ನ ಬೇರೆ ಯಂತ್ರದಲ್ಲಿ ಅನುಕರಿಸೋದು ಇವತ್ತಿಗೂ ಕಷ್ಟದ ಕೆಲಸ. ಡಿಜಿಟಲ್ ಅಂಗಡಿಗಳಂತೂ ಮುಚ್ಚುತ್ತವೆ: ನಿಂಟೆಂಡೋದ ಹಳೇ ಕನ್ಸೋಲ್‌ಗಳಾದ 3ಡಿಎಸ್ ಮತ್ತು ವೀ ಯು ಅಂಗಡಿ 2023ರ ಮಾರ್ಚ್‌ನಲ್ಲಿ, ಎಕ್ಸ್‌ಬಾಕ್ಸ್ 360ರದ್ದು 2024ರ ಜುಲೈನಲ್ಲಿ. ಸ್ವಿಚ್ 2ರಲ್ಲಿ ಗೇಮ್-ಕೀ ಕಾರ್ಡ್ ಅಂತ ಬಂದಿದೆ ನೋಡಿ, ಅದರಲ್ಲಿ ಗೇಮ್ ಇರಲ್ಲ, ಡೌನ್‌ಲೋಡ್ ಮಾಡೋಕೆ ಅನುಮತಿ ಮಾತ್ರ. ಡಬ್ಬಿಯ ಮೇಲೆ ಬರೆದಿರುತ್ತೆ, ಓದಿ ಕೊಳ್ಳಿ.

ಡ್ರೈವ್ ಕೆಟ್ಟರೆ ಇನ್ನೊಂದು ತಂದು ಹಾಕ್ತೀನಿ ಅನ್ನೋಹಾಗಿಲ್ಲ. ಸೋನಿ, ಮೈಕ್ರೋಸಾಫ್ಟ್ ಎರಡರಲ್ಲೂ ಡ್ರೈವಿನ ಬೋರ್ಡ್ ಆಯಾ ಮದರ್‌ಬೋರ್ಡಿಗೇ ಜೋಡಿ, ಬೇರೆಯದನ್ನ ಒಪ್ಪಲ್ಲ. ಯಂತ್ರಭಾಗ, ಲೇಸರ್ ಬದಲಿಸಿ ಹಳೇ ಬೋರ್ಡನ್ನೇ ಉಳಿಸಿಕೊಳ್ಳಬೇಕು. ತೆಳ್ಳನೆಯ ಹೊಸ ಪಿಎಸ್5ನ ಕಳಚುವ ಡ್ರೈವ್ ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಕೇಳುತ್ತೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಪಿಎಸ್5 ನೋಡೋಕೆ ಹೋಗ್ತಿದ್ದೀನಿ. ಏನೇನು ಪರೀಕ್ಷೆ ಮಾಡಲಿ ಅಣ್ಣ?

ಉತ್ತರ: ಟಾರ್ಚ್ ತಗೊಂಡು ಹೋಗಿ. ಎಚ್‌ಡಿಎಂಐ ಪೋರ್ಟಿನೊಳಗೆ 19 ಪಿನ್‌ಗಳೂ ಸಾಲಾಗಿ ನೆಟ್ಟಗಿರಬೇಕು. ಬಿಳಿ ದೀಪ ಬಂದು ಚಿತ್ರ ಬರದಿದ್ದರೆ ಕೇಬಲ್, ಟಿವಿಯ ಪೋರ್ಟ್ ಬದಲಿಸಿ. ಆಫ್ ಮಾಡಿ, ಎರಡನೇ ಬೀಪ್ ಬರೋವರೆಗೆ, ಸುಮಾರು ಏಳು ಸೆಕೆಂಡ್, ಪವರ್ ಬಟನ್ ಒತ್ತಿ ಹಿಡಿದು ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ಕಂಟ್ರೋಲರ್‌ಗೆ ಯುಎಸ್‌ಬಿ ವೈರ್ ಬೇಕು. ರೆಸಲ್ಯೂಶನ್ ಬದಲಿಸಿದರೂ ಕತ್ತಲೆ ಅಂದರೆ ಪೋರ್ಟೋ ಅದರ ಹಿಂದಿನ ಚಿಪ್ಪೋ ಹೋಗಿದೆ, ವಾಪಸ್ ಬನ್ನಿ.

ಚಿತ್ರ ಬಂದರೆ ಪಿಎಸ್5ರದ್ದೇ ಒಂದು ಭಾರಿ ಗೇಮ್ ಹಾಕಿ ಅರ್ಧ ಗಂಟೆ ಆಡಿ, ಬಿಸಿ ಎಚ್ಚರಿಕೆ ಬರುತ್ತಾ ನೋಡಿ. ಪಕ್ಕದ ಕವಚ ತೆಗೆಸಿ. ಒಳಗಿನ ಸೀಲ್ ಸ್ಟಿಕರ್ ಹರಿದಿದ್ದರೆ, ಸ್ಕ್ರೂ ತಲೆ ಸವೆದಿದ್ದರೆ ಲಿಕ್ವಿಡ್ ಮೆಟಲ್ ಮುಟ್ಟಿರೋ ಸಾಧ್ಯತೆ ಇದೆ. ಎಷ್ಟೇ ಕಡಿಮೆಗೆ ಕೊಟ್ಟರೂ ನಾನಾದರೆ ಬಿಡ್ತೀನಿ. ಡಿಸ್ಕ್ ಹಾಕಿ, ಹೊರಗೆ ತೆಗೆದು, ಮತ್ತೆ ಹಾಕಿ. ನಿಮ್ಮ ಅಕೌಂಟಿನಿಂದ ಆನ್‌ಲೈನ್ ಹೋಗಿ, ಯಂತ್ರ ಬ್ಯಾನ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತೆ. ಹಳಬರ ಅಕೌಂಟ್ ತೆಗೆಸಿ ನಿಮ್ಮ ಮುಂದೆಯೇ ಫ್ಯಾಕ್ಟರಿ ರೀಸೆಟ್ ಮಾಡಿಸಿ. ಸ್ಟಿಕ್ಕನ್ನ ಒಂದು ಸುತ್ತು ತಿರುಗಿಸಿ ಥಟ್ಟನೆ ಕೈ ಬಿಡಿ. ಕ್ಯಾಮೆರಾ ತನ್ನಷ್ಟಕ್ಕೆ ಅಲುಗಾಡಿದರೆ ಕಂಟ್ರೋಲರ್‌ನ ಬೆಲೆ ಕಳೆದು ಮಾತಾಡಿ.