"ವಯೋವೈವಿಧ್ಯ" ಅಂದರೆ ನಿಮಗೇನು ಹೊಳೆಯುತ್ತದೆ?

ಎಲ್ಲರಿಗೂ ನಮಸ್ಕಾರ,

ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಗಂಡಸರು, ಹೆಂಗಸರು, ಬೇರೆ ಬೇರೆ ವಯಸ್ಸಿನವರು ಇದ್ದರೆ ಕಂಪನಿಗೆ ಒಳ್ಳೆಯದಾಗುತ್ತದಾ ಅನ್ನುವುದರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. "ಲಿಂಗ ವೈವಿಧ್ಯ", "ವಯೋವೈವಿಧ್ಯ" ಎಂದು ಬಳಸಿದೆ. ಓದಿದವರು ಮೊದಲನೆಯದನ್ನು ಹೆಂಗಸರು ಜಾಸ್ತಿ ಎಂದೂ, ಎರಡನೆಯದನ್ನು ಚಿಕ್ಕ ವಯಸ್ಸಿನವರು ಜಾಸ್ತಿ ಎಂದೂ ತಿಳಿದುಕೊಂಡರು. ಅಧ್ಯಯನಗಳಲ್ಲಿ ಅರ್ಥವೇ ಬೇರೆ.

ಲಿಂಗ ವೈವಿಧ್ಯವನ್ನು ಹೆಚ್ಚಾಗಿ ಬ್ಲೌ ಸೂಚ್ಯಂಕದಲ್ಲಿ, ಅಂದರೆ ಗುಂಪಿನಲ್ಲಿ ಬೇರೆ ಬೇರೆ ಬಗೆಯವರು ಎಷ್ಟು ಸಮನಾಗಿ ಹಂಚಿದ್ದಾರೆ ಎಂದು ತೋರಿಸುವ ಲೆಕ್ಕದಲ್ಲಿ, ಅಳೆಯುತ್ತಾರೆ. 10 ಜನರ ಮಂಡಳಿಯಲ್ಲಿ ಒಬ್ಬರೇ ಹೆಂಗಸಿದ್ದರೂ 0.18, ಒಬ್ಬರೇ ಗಂಡಸಿದ್ದರೂ 0.18. ಐದೈದು ಜನ ಇದ್ದರೆ 0.5, ಅದೇ ಗರಿಷ್ಠ. ಎಲ್ಲರೂ ಹೆಂಗಸರೇ ಆದರೆ ಸೊನ್ನೆ! ವಯಸ್ಸಿನದೂ ಹಾಗೆಯೇ. ನಾಲ್ವರಿಗೂ 35 ವರ್ಷವಾದರೆ ಅದು ಯುವಕರ ಮಂಡಳಿ, ಆದರೆ ವೈವಿಧ್ಯ ಇಲ್ಲ. 40, 50, 70, 80 ವರ್ಷದವರು ಕೂತರೆ ಸರಾಸರಿ 60 ಆದರೂ ವೈವಿಧ್ಯ ಜಾಸ್ತಿ.

ಇದು ಸುಮ್ನೆ ಪದದ ಜಗಳವಲ್ಲ. ನಾರ್ವೆ 2003ರಲ್ಲಿ ಕಾನೂನು ತಂದು, ಸಾರ್ವಜನಿಕರಿಗೆ ಷೇರು ಮಾರಬಹುದಾದ ಕಂಪನಿಗಳ ಮಂಡಳಿಯಲ್ಲಿ ಎರಡೂ ಲಿಂಗದವರು ತಲಾ ಕನಿಷ್ಠ ಸುಮಾರು 40% ಇರಬೇಕು ಎಂದಿತು, 2008ರಿಂದ ಕಡ್ಡಾಯವಾಯಿತು. ಅದರಿಂದ ಕಂಪನಿಗಳ ಮೌಲ್ಯ ಇಳಿಯಿತು ಎಂದು ಸಂಶೋಧಕರಾದ ಅಹೆರ್ನ್ ಮತ್ತು ಡಿಟ್ಮಾರ್ 2012ರಲ್ಲಿ ಬರೆದರು. ಆಮೇಲೆ ಬೇರೆಯವರು ಅದನ್ನು ಒಪ್ಪಲಿಲ್ಲ. ಆದರೆ ಅಹೆರ್ನ್ ಮತ್ತು ಡಿಟ್ಮಾರ್ ಅವರೇ ಹೇಳಿದ ಇನ್ನೊಂದು ಮಾತಿದೆ, ಹೊಸ ಮಂಡಳಿಗಳಲ್ಲಿ ವಯಸ್ಸೂ ಅನುಭವವೂ ಕಡಿಮೆಯಾಗಿತ್ತು ಅಂತ. ಲಿಂಗ, ವಯಸ್ಸು, ಅನುಭವ ಮೂರನ್ನೂ "ವೈವಿಧ್ಯ" ಅಂತ ಒಂದೇ ಮೂಟೆ ಕಟ್ಟಿದರೆ ಯಾವುದರಿಂದ ಏನಾಯಿತು ಅಂತ ಓದುಗರಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ಬೇರೆ ಪದ ಹುಡುಕುತ್ತಿದ್ದೇನೆ. "ವಯೋವೈವಿಧ್ಯ"ದ ಬದಲು "ವಯಸ್ಸಿನ ಹರವು" ನನಗೆ ಇಷ್ಟವಾಗಿದೆ. "ವಯಸ್ಸಿನ ಅಂತರ" ಅಂದರೆ ಗಂಡ ಹೆಂಡತಿಯ ನೆನಪು ಬರುತ್ತದೆ, ಅಲ್ವಾ? ಲಿಂಗಕ್ಕೆ ಮಾತ್ರ ಸರಿಯಾದದ್ದು ಸಿಕ್ಕಿಲ್ಲ. "ಬೆರಕೆ" ಅಂದರೆ ಕಲಬೆರಕೆಯ ವಾಸನೆ, "ಸಮತೋಲ" ಅಂದರೆ ಆಗಲೇ ತೀರ್ಪು ಕೊಟ್ಟ ಹಾಗೆ, "ಮಹಿಳಾ ಪ್ರಾತಿನಿಧ್ಯ" ಅಂದರೆ ಅರ್ಧವೇ ಹೇಳಿದಂತೆ.

ಕಂಪನಿಗೆ ಒಳ್ಳೆಯದಾಯಿತಾ ಎನ್ನುವುದಕ್ಕೆ "ಕಾರ್ಯಕ್ಷಮತೆ" ಎಂಬ ಪದವನ್ನಂತೂ ಕೈಬಿಟ್ಟಿದ್ದೇನೆ, ಅದರಲ್ಲಿ ಬೇರೆ ಬೇರೆ ಅಳತೆಗಳು ಸೇರಿಬಿಡುತ್ತವೆ. ಸಂಶೋಧಕರಾದ ಪೋಸ್ಟ್ ಮತ್ತು ಬೈರನ್ 2015ರಲ್ಲಿ 140 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮಂಡಳಿಯಲ್ಲಿ ಹೆಂಗಸರಿರುವುದಕ್ಕೂ ಲೆಕ್ಕಪತ್ರದ ಲಾಭಕ್ಕೂ ಸ್ವಲ್ಪ ನಂಟು ಕಂಡಿತು, ಷೇರುಪೇಟೆಯ ಮೌಲ್ಯಕ್ಕೆ ಹೆಚ್ಚುಕಡಿಮೆ ಏನೂ ಕಾಣಲಿಲ್ಲ. ಹಾಗಾಗಿ "ಲಾಭ", "ಪೇಟೆ ಮೌಲ್ಯ" ಎಂದು ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ.

ಲಿಂಗದ ವಿಷಯಕ್ಕೆ, ಯಾರ ಕಡೆಗೂ ವಾಲದ ಪದ ನಿಮ್ಮ ಬಳಕೆಯಲ್ಲಿದ್ದರೆ ದಯವಿಟ್ಟು ಒಂದು ವಾಕ್ಯದಲ್ಲಿಟ್ಟು ತೋರಿಸಿ.