ಸಹಾಯ ಬೇಕು: ಅನುವಾದದ ಮೊದಲನೇ ಕೆಲಸ ಹ್ಯಾಂಗ ಹಿಡೀಬೇಕ್ರಿ?

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ-ಬೆಟಗೇರಿಯಾಕಿ. ಇಂಗ್ಲಿಷಿನಿಂದ ಕನ್ನಡಕ್ಕ ಅನುವಾದ, ಸಬ್‌ಟೈಟಲ್ ಮಾಡ್ತೀನಿ. ಆನ್‌ಲೈನ್‌ನ್ಯಾಗ ಬಿಡಿ ಕೆಲಸ ಸಿಗೋ ವೆಬ್‌ಸೈಟ್ ಅಪ್‌ವರ್ಕ್, ಫೈವರ್ ಎರಡರಾಗೂ ಪ್ರೊಫೈಲ್ ಮಾಡಿ ಮೂರು ತಿಂಗಳಾತು, ಒಂದೂ ಕೆಲಸ ಸಿಕ್ಕಿಲ್ಲ. ಅಪ್‌ವರ್ಕ್‌ನ್ಯಾಗ ಪ್ರಪೋಸಲ್ (ಕೆಲಸಕ್ಕ ಅರ್ಜಿ) ಕಳಸಾಕ ಕನೆಕ್ಟ್ಸ್ ಅಂತ ಅಲ್ಲಿನ ಟೋಕನ್ ಖರ್ಚಾಗ್ತಾವ, ಫೈವರ್ ನಮ್ಮ ಗಳಿಕಿಯಾಗ ನೂರಕ್ಕ 20 ಹಿಡ್ಕೋತೈತಿ. ಹಂಗಾರ ದರ ಎಷ್ಟಿಡಬೇಕು? ಶಬ್ದದ ಲೆಕ್ಕಾನೋ, ತಾಸಿನ ಲೆಕ್ಕಾನೋ?

ಹ್ವಾದ ವಾರ ಒಬ್ಬಾಂವ ಟೆಲಿಗ್ರಾಂಗೆ ಬರ್ರಿ ಅಂದು, ಕೆಲಸಕ್ಕಿಂತ ಮೊದಲ 1,500 ರೂಪಾಯಿ ಡಿಪಾಸಿಟ್ ಕೇಳಿದ. ಕೊಡಲಿಲ್ಲ. ಕೆಲಸ ಕೊಡಾಂವನ ರೊಕ್ಕ ಕೇಳಿದ್ರ ಅದು ಮೋಸನ; ನೀವೂ ಹುಷಾರಿರ್ರಿ.

ಹುಬ್ಬಳ್ಳಿ-ಧಾರವಾಡದ ಕಡೆ ಯಾರರ ಈ ಕೆಲಸ ಮಾಡಾಕತ್ತಿದ್ರ, ಅಕ್ಕಾರ, ಅಣ್ಣಾರ, ನನ್ನ ಪ್ರೊಫೈಲ್ ಒಮ್ಮೆ ನೋಡಿ ತಪ್ಪು ಹೇಳ್ರಿ. ರವಿವಾರ ಬಸ್ ಹತ್ತಿ ನಾನ ಬರ್ತೀನಿ, ಲ್ಯಾಪ್‌ಟಾಪ್ ತಗೊಂಡು.