6 ಜಿಬಿ ರ‍್ಯಾಮ್ ಇದ್ದರೂ ಆ್ಯಪ್‌ಗಳು ಸಾಯುತ್ತಿವೆ, ಸ್ವಾಪಿನೆಸ್ ಎಷ್ಟಿಡಬೇಕು?

ಬೆಟ್ಟದಹಾದಿ

ತಲೆ ಕೆಟ್ಟು ಹೋಗಿದೆ. 6 ಜಿಬಿ ರ‍್ಯಾಮ್ ಇರುವ ಫೋನ್, ಒಳಗೆ ಅಂಥ ಭಾರದ ಗೇಮ್ ಏನೂ ಇಲ್ಲ. ಆದರೂ ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲಿನದು ಸತ್ತಿರುತ್ತದೆ. ನಡೆದ ದಾರಿಯನ್ನು ದಾಖಲಿಸುವ ಆ್ಯಪ್ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ಫೋನ್ ತೆಗೆದು ನೋಡಿದರೆ ನಕ್ಷೆಯಲ್ಲಿ ಗೆರೆ ಗುಡ್ಡ ಕೆರೆ ಎಲ್ಲವನ್ನೂ ಅಡ್ಡ ದಾಟಿ ನೇರ ಎಳೆದಿರುತ್ತದೆ. ನೋಟ್ಸ್ ಬರೆಯುತ್ತಾ ಮಧ್ಯೆ ಒಂದು ಫೋಟೋ ತೆಗೆಯೋಣ ಅಂತ ಕ್ಯಾಮೆರಾಗೆ ಹೋಗಿ ಬಂದರೆ ಬರೆದದ್ದು ಮಾಯ. ಸ್ವಾಪಿನೆಸ್ (ಬಳಸದ ಮೆಮೊರಿಯನ್ನು ಎಷ್ಟು ಮುಂದಾಗಿ ಸ್ವಾಪ್ ಜಾಗಕ್ಕೆ ತಳ್ಳಬೇಕು ಅನ್ನುವ ಸಂಖ್ಯೆ) 180 ಮಾಡಿದ್ದೇನೆ. ಆ್ಯಪ್ ಕೊಲ್ಲುವ ಮಿತಿ, ಅಂದರೆ ಮಿನ್‌ಫ್ರೀ ಕೂಡ ಇಳಿಸಿದ್ದೇನೆ. ಏನೂ ಬದಲಾಗಿಲ್ಲ. ಸರಿಯಾದ ಸಂಖ್ಯೆಗಳು ಗೊತ್ತಿದ್ದವರು ಹೇಳಿ. ಬ್ಯಾಟರಿ ಸೆಟ್ಟಿಂಗ್ ನೋಡಿ ಅಂತ ಮಾತ್ರ ದಯವಿಟ್ಟು ಬರೆಯಬೇಡಿ, ಅದೆಲ್ಲ ಮಾಡಿ ಆಯ್ತು.

ಹಳೇಕರ್ನಲ್

180 ತುಂಬಾ ಜಾಸ್ತಿ ಆಯ್ತು ಸರ್. ಸ್ವಾಪಿನೆಸ್ ಏರಿಸಿದಷ್ಟೂ ಕರ್ನಲ್ (ಸಿಸ್ಟಮ್‌ನ ತಿರುಳು) ಆ್ಯಪ್‌ಗಳ ಮೆಮೊರಿ ಪುಟಗಳನ್ನು ಝೀರ‍್ಯಾಮ್‌ಗೆ, ಅಂದರೆ ರ‍್ಯಾಮ್‌ನಲ್ಲೇ ಒತ್ತಿಡುವ ಸ್ವಾಪ್‌ಗೆ, ತಳ್ಳುತ್ತಾ ಹೋಗುತ್ತದೆ, ವಾಪಸ್ ಬೇಕಾದಾಗ ಅಷ್ಟನ್ನೂ ಬಿಚ್ಚಬೇಕು, ಪ್ರೊಸೆಸರ್ ಅದರಲ್ಲೇ ಮುಳುಗುತ್ತದೆ. 60ಕ್ಕೆ ಇಳಿಸಿ. ಆಮೇಲೆ ಮಿನ್‌ಫ್ರೀ ಎಷ್ಟಿದೆ ಅಂತ ಹಾಕಿ. ಎಷ್ಟೋ ಫೋನ್‌ಗಳಲ್ಲಿ ಕೊನೆಯ ಸಂಖ್ಯೆ 80640 ಇರುತ್ತಿತ್ತು. ಅದು 4 ಕೆಬಿ ಪುಟಗಳ ಲೆಕ್ಕ, ಅಂದರೆ 315 ಎಂಬಿ. ಖಾಲಿ ಮೆಮೊರಿ ಅದಕ್ಕಿಂತ ಕೆಳಗಿಳಿದ ಕೂಡಲೇ ಹಿಂದೆ ಕೂತ ಆ್ಯಪ್‌ಗಳನ್ನು ಕೊಲ್ಲಲು ಶುರು ಮಾಡುತ್ತದೆ. ಅದನ್ನು ಅರ್ಧ ಮಾಡಿದರೆ ಅರ್ಧ ಸಮಸ್ಯೆ ಮುಗಿದಂತೆ.

ಮಿಂಚುಳ್ಳಿ

ಯಾವ ಆಂಡ್ರಾಯ್ಡ್, ಯಾವ ಕರ್ನಲ್ ಅಂತ ಹೇಳದೆ ಸಂಖ್ಯೆ ಕೇಳಿದರೆ ಯಾರೇನು ಹೇಳೋದು? ಮಿನ್‌ಫ್ರೀ ಫೈಲ್ ನಿಮ್ಮ ಫೋನ್‌ನಲ್ಲಿ ನಿಜವಾಗಿ ಇದೆಯಾ? ಮಿನ್‌ಫ್ರೀ ಓದಿ ಆ್ಯಪ್ ಕೊಲ್ಲುತ್ತಿದ್ದ, ಕರ್ನಲ್ ಒಳಗಿದ್ದ ಹಳೇ ಲೋ ಮೆಮೊರಿ ಕಿಲ್ಲರ್ ಅನ್ನು 2017ರಲ್ಲೇ, ಕರ್ನಲ್ 4.12ರಲ್ಲಿ, ಮೂಲ ಲಿನಕ್ಸ್‌ನಿಂದ ತೆಗೆದು ಹಾಕಿದ್ದಾರೆ. ಈಗ ಆ ಕೆಲಸ ಎಲ್‌ಎಂಕೆಡಿ ಅನ್ನುವ ಪ್ರೋಗ್ರಾಂದು.

ಬೆಟ್ಟದಹಾದಿ

ಆಂಡ್ರಾಯ್ಡ್ 13, ಕರ್ನಲ್ 5.10. ರೂಟ್ (ಫೋನ್ ಮೇಲೆ ಪೂರ್ತಿ ಅಧಿಕಾರ) ಆಗಿದೆ, ಸ್ವಾಪಿನೆಸ್ ಬದಲಿಸಿದ್ದೇನೆ ಅಂದ ಮೇಲೆ ಅದು ಗೊತ್ತಾಗುತ್ತದೆ ಅಲ್ವಾ. ಮಿನ್‌ಫ್ರೀ ಬದಲಿಸಿದ್ದು ಒಂದು ಟ್ವೀಕರ್ ಆ್ಯಪ್‌ನಿಂದ, ಅದು ಹಸಿರು ಟಿಕ್ ತೋರಿಸಿತು. ಈಗ ಶೆಲ್‌ನಲ್ಲಿ (ಆಜ್ಞೆ ಟೈಪ್ ಮಾಡುವಲ್ಲಿ) ಹುಡುಕಿದರೆ ಮಿನ್‌ಫ್ರೀ ಇರಬೇಕಾದ ಫೋಲ್ಡರೇ ಇಲ್ಲ.

ಹಳೇಕರ್ನಲ್

ಫೋಲ್ಡರ್ ಇಲ್ಲದಿದ್ದರೆ ಬಿಡಿ, ಸ್ವಾಪಿನೆಸ್ ವಿಷಯ ಅದರಿಂದ ಬದಲಾಗುವುದಿಲ್ಲ. 60 ಇಟ್ಟು ನೋಡಿದಿರಾ? ನಾನು ಎಷ್ಟೋ ಫೋನ್‌ಗಳಿಗೆ ಇದೇ ಮಾಡಿಕೊಟ್ಟಿದ್ದೇನೆ. ಮೊದಲೆಲ್ಲ ಮಿತಿ 100 ಇತ್ತು, ಕರ್ನಲ್ 5.8ರಿಂದ 200 ಮಾಡಿದರು, ಹಾಗಂತ ಅಷ್ಟೂ ಬಳಸಲೇಬೇಕು ಅಂತೇನಿಲ್ಲ.

ಮಿಂಚುಳ್ಳಿ

ಅದನ್ನು 200 ಮಾಡಿದ್ದೇ ಝೀರ‍್ಯಾಮ್‌ನಂಥ ವೇಗದ ಸ್ವಾಪ್‌ಗಾಗಿ. ಡಿಸ್ಕ್‌ನಿಂದ ಫೈಲ್ ಪುಟ ಮತ್ತೆ ಓದುವುದಕ್ಕಿಂತ ರ‍್ಯಾಮ್‌ನಲ್ಲೇ ಒತ್ತಿಟ್ಟದ್ದನ್ನು ಬಿಚ್ಚುವುದು ಅಗ್ಗ. 60 ಅನ್ನೋದು ತಿರುಗುವ ಡಿಸ್ಕ್ ಇದ್ದ ಕಂಪ್ಯೂಟರ್‌ಗಳ ಕಾಲದ ಸಂಖ್ಯೆ. ಎಲ್ಲರಿಗೂ ಅದನ್ನೇ ಹಂಚಬೇಡಿ.

ಹಳೇಕರ್ನಲ್

ಕಾಲ ಯಾವುದಾದರೇನು, ನನ್ನ ಕೈಯಲ್ಲಿರುವ ಫೋನ್ ನಡೆಯುತ್ತಿದೆ. ಓದಿದ್ದು ಬೇರೆ, ಕೈಯಾರೆ ಮಾಡಿದ್ದು ಬೇರೆ.

ಗಾಳಿಪಟ77

ಇಷ್ಟೆಲ್ಲ ಯಾಕೆ? ಒಂದು ಕ್ಲೀನರ್ ಆ್ಯಪ್ ಹಾಕಿ, ಗಂಟೆಗೊಮ್ಮೆ ರ‍್ಯಾಮ್ ಖಾಲಿ ಮಾಡುವ ಹಾಗೆ ಇಡಿ. ನನ್ನ ಫೋನ್‌ನಲ್ಲಿ ಯಾವಾಗಲೂ 3 ಜಿಬಿ ಖಾಲಿ ಇರುತ್ತದೆ.

ಮಿಂಚುಳ್ಳಿ

ಅವರು ಆ್ಯಪ್ ಸಾಯಬಾರದು ಅಂತ ಕೇಳುತ್ತಿದ್ದಾರೆ, ನೀವು ಗಂಟೆಗೊಮ್ಮೆ ಎಲ್ಲವನ್ನೂ ಕೊಲ್ಲುವ ಆ್ಯಪ್ ಹಾಕಿ ಅನ್ನುತ್ತಿದ್ದೀರಿ. ಆ 3 ಜಿಬಿ ಸುಮ್ನೆ ಬಿದ್ದಿರುತ್ತದೆ. ಕೊಂದ ಆ್ಯಪ್ ಮತ್ತೆ ಮೊದಲಿನಿಂದ ಏಳಬೇಕು, ಬ್ಯಾಟರಿಯೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಗಾಳಿಪಟ77

ನನ್ನ ಫೋನ್ ಬೆಣ್ಣೆಯ ಹಾಗೆ ಓಡುತ್ತದೆ. ನಿಮಗೆ ಬೇಡದಿದ್ದರೆ ಬಿಡಿ.

ಚುಕ್ಕಿಚಂದ್ರಮ

ನಾನು 16 ಜಿಬಿಯದ್ದಕ್ಕೆ ಹೋದ ಮೇಲೆ ಈ ತಲೆನೋವೇ ಇಲ್ಲ. ಝೀರ‍್ಯಾಮ್ 8 ಜಿಬಿ ಇಟ್ಟಿದ್ದೇನೆ, ಕಂಪ್ರೆಶನ್ ಝಡ್‌ಎಸ್‌ಟಿಡಿ, ಕರ್ನಲ್ ನಾನೇ ಕಂಪೈಲ್ ಮಾಡಿದ್ದು. ಬೆಳಿಗ್ಗೆ ತೆರೆದ ಬ್ರೌಸರ್ ಟ್ಯಾಬ್ ರಾತ್ರಿ ಮಲಗುವಾಗಲೂ ಹಾಗೇ ಇರುತ್ತದೆ, ಮತ್ತೆ ಲೋಡ್ ಆಗುವುದಿಲ್ಲ. ಎಲ್‌ಝಡ್4 ಕಂಪ್ರೆಶನ್‌ಗೆ ವೇಗ ಜಾಸ್ತಿ ನಿಜ, ಆದರೆ ಅಷ್ಟೇ ಜಾಗದಲ್ಲಿ ಝಡ್‌ಎಸ್‌ಟಿಡಿ ಇನ್ನೂ ಹೆಚ್ಚು ತುಂಬುತ್ತದೆ. ಯಾರಿಗಾದರೂ ಕಾನ್ಫಿಗ್ ಬೇಕಿದ್ದರೆ ಕೇಳಿ.

ಹಳೇಕರ್ನಲ್

ಕಾನ್ಫಿಗ್ ಹಾಕಿ ಸರ್, ನೋಡೋಣ. 8 ಜಿಬಿ ಝೀರ‍್ಯಾಮ್‌ಗೆ ಸ್ವಾಪಿನೆಸ್ ಎಷ್ಟಿಟ್ಟಿದ್ದೀರಿ?

ಬೆಟ್ಟದಹಾದಿ

ಇನ್ನೊಂದು ಫೋನ್ ತಗೊಳ್ಳುವ ಮಾತು ಬೇಡ. 60 ಇಟ್ಟೂ ನೋಡಿದೆ. ದಾರಿ ಆ್ಯಪ್ ಮತ್ತೆ ಸತ್ತಿತು, ಸ್ಕ್ರೀನ್ ಆರಿಸಿ ಜೇಬಿಗೆ ಹಾಕಿ ಸ್ವಲ್ಪ ಹೊತ್ತಿಗೇ. ಆ ಹೊತ್ತಿಗೆ ಬೇರೆ ಏನೂ ತೆರೆದಿರಲಿಲ್ಲ.

ಶೆಲ್‌ಸಂಗಾತಿ

ಈ ಕೊನೆಯ ಎರಡು ಸಾಲು ಮೊದಲೇ ಬರೆದಿದ್ದರೆ ಚೆನ್ನಾಗಿತ್ತು. ಸ್ಕ್ರೀನ್ ಆರಿದೆ, ಬೇರೇನೂ ಓಡುತ್ತಿಲ್ಲ, ಆದರೂ ಸತ್ತಿತು ಅಂದರೆ ನನಗೆ ಮೆಮೊರಿ ಮೇಲೆ ಅನುಮಾನ ಬರುವುದಿಲ್ಲ.

ಪ್ರತಿ ಪ್ರೋಸೆಸ್‌ಗೂ ಒಂದು ಸ್ಕೋರ್ ಇರುತ್ತದೆ, ಊಮ್ ಸ್ಕೋರ್ ಎಡಿಜೆ. ಕಣ್ಣೆದುರು ಇರುವ ಆ್ಯಪ್‌ಗೆ 0. ನೋಟಿಫಿಕೇಶನ್ ಇಟ್ಟುಕೊಂಡು ಫೋರ್‌ಗ್ರೌಂಡ್ ಸರ್ವಿಸ್ ನಡೆಸುವುದಕ್ಕೆ ಸಾಮಾನ್ಯವಾಗಿ 200. ಈಗಷ್ಟೇ ಬಿಟ್ಟು ಬಂದದ್ದಕ್ಕೆ 700. ಸುಮ್ನೆ ಕ್ಯಾಶ್‌ನಲ್ಲಿ ಮಲಗಿರುವುದಕ್ಕೆ 900ರಿಂದ 999. ಎಲ್‌ಎಂಕೆಡಿ ಮೇಲಿನ ತುದಿಯಿಂದ ಕೊಲ್ಲುತ್ತಾ ಬರುತ್ತದೆ. ನಿಮ್ಮ ದಾರಿ ಆ್ಯಪ್ 200ರಲ್ಲಿ ಇದ್ದು ಮೆಮೊರಿ ಸಾಲದೆ ಸತ್ತಿದ್ದರೆ, ಅದಕ್ಕೂ ಮೊದಲು 900ರ ಸಾಲೆಲ್ಲ ಖಾಲಿ ಆಗಿರಬೇಕಿತ್ತು. ನಿಮ್ಮಲ್ಲಿ ಹಾಗೆ ಆಗಿದೆಯಾ? ಮಿಕ್ಕ ಆ್ಯಪ್‌ಗಳು ಜೀವಂತ ಇದ್ದವಾ?

ಊಹೆ ಬೇಡ, ಫೋನನ್ನೇ ಕೇಳಿ. ಆಂಡ್ರಾಯ್ಡ್ 11ರಿಂದ ಯಾವ ಆ್ಯಪ್ ಯಾಕೆ ಸತ್ತಿತು ಅಂತ ಸಿಸ್ಟಮ್ಮೇ ಬರೆದಿಡುತ್ತದೆ. ಎಡಿಬಿ (ಕಂಪ್ಯೂಟರ್‌ನಿಂದ ಫೋನ್‌ಗೆ ಆಜ್ಞೆ ಕೊಡುವ ಸಾಧನ) ಶೆಲ್‌ಗೆ ಹೋಗಿ ಡಂಪ್‌ಸಿಸ್ ಆಕ್ಟಿವಿಟಿ ಎಕ್ಸಿಟ್-ಇನ್ಫೋ ಆಜ್ಞೆ ಕೊಟ್ಟು, ಕೊನೆಗೆ ಆ್ಯಪ್‌ನ ಪ್ಯಾಕೇಜ್ ಹೆಸರು ಹಾಕಿ. ಎರಡೂ ಆ್ಯಪ್‌ದೂ ಬೇರೆ ಬೇರೆ ತೆಗೆದು ಇಲ್ಲಿ ಹಾಕಿ. ಕಾರಣ 3 ಅಂದರೆ ಲೋ ಮೆಮೊರಿ. 10 ಅಂದರೆ ಯೂಸರ್ ರಿಕ್ವೆಸ್ಟೆಡ್. ಕೆಲವು ಫೋನ್‌ಗಳಲ್ಲಿ ಲೋ ಮೆಮೊರಿ ಅಂತ ವರದಿ ಆಗುವುದಿಲ್ಲ, ಆಗ ಬರೀ ಸಿಗ್ನಲ್ 9 (ಬಲವಂತವಾಗಿ ಕೊಂದ ಗುರುತು) ಕಾಣುತ್ತದೆ.

ಹಳೇಕರ್ನಲ್

ಎಕ್ಸಿಟ್-ಇನ್ಫೋ ನೋಡಿ ಯಾರೂ ಫೋನ್ ಸರಿ ಮಾಡಿದ್ದು ನಾನು ಕಂಡಿಲ್ಲ. ನೋಟ್ಸ್ ಆ್ಯಪ್ ಸಾಯುವುದಂತೂ ಮೆಮೊರಿಯಿಂದಲೇ, ಬೇಕಿದ್ದರೆ ನೋಡಿ.

ಬೆಟ್ಟದಹಾದಿ

ತೆಗೆದೆ. ದಾರಿ ಆ್ಯಪ್‌ದು ಕಾರಣ 10, ಯೂಸರ್ ರಿಕ್ವೆಸ್ಟೆಡ್, ಕೆಳಗೆ ಫೋರ್ಸ್ ಸ್ಟಾಪ್ ಅಂತಿದೆ. ವಿವರದಲ್ಲಿ "ಡ್ಯೂ ಟು ಫ್ರಮ್ ಪಿಐಡಿ" ಅಂತ ಬರೆದು ಒಂದು ಪ್ರೋಸೆಸ್ ನಂಬರ್. ನಾನಂತೂ ಫೋರ್ಸ್ ಸ್ಟಾಪ್ ಒತ್ತಿಲ್ಲ, ಫೋನ್ ಜೇಬಿನಲ್ಲಿತ್ತು. ಹಿಂದಿನ ಎಂಟ್ರಿಗಳೂ ಎಲ್ಲ ಹೀಗೇ ಇವೆ.

ನೋಟ್ಸ್‌ದು ಕಾರಣ 3, ಲೋ ಮೆಮೊರಿ, ಇಂಪಾರ್ಟೆನ್ಸ್ 400, ಅಂದರೆ ಕ್ಯಾಶ್‌ನಲ್ಲಿ ಮಲಗಿದ್ದದ್ದು.

ಶೆಲ್‌ಸಂಗಾತಿ

ಅಲ್ಲಿಗೆ ಎರಡು ಬೇರೆ ಕಾಯಿಲೆ. ಒಂದೇ ಔಷಧಿ ಹುಡುಕುತ್ತಿದ್ದರಿಂದಲೇ ಯಾವುದೂ ಹಿಡಿದಿಲ್ಲ.

ಮೊದಲನೆಯದು: ಆ ಪಿಐಡಿ ಯಾರದ್ದು ಅಂತ ಪಿಎಸ್ ಆಜ್ಞೆ ಕೊಟ್ಟು ನೋಡಿ. ಫೋನ್ ರೀಸ್ಟಾರ್ಟ್ ಮಾಡಿದ್ದರೆ ನಂಬರ್ ಬದಲಾಗಿರುತ್ತದೆ, ಹಾಗಾಗಿ ಇನ್ನೊಮ್ಮೆ ಸತ್ತ ಕೂಡಲೇ ನೋಡಬೇಕು. ತಯಾರಕರದ್ದೇ ಪವರ್ ಮ್ಯಾನೇಜರ್ ಇರುತ್ತದೆ ಅಂತ ನನ್ನ ಅನುಮಾನ. ಆಂಡ್ರಾಯ್ಡ್‌ನ ಬ್ಯಾಟರಿ ಪುಟದಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಇಟ್ಟರೆ ಡೋಝ್ (ಆಂಡ್ರಾಯ್ಡ್‌ನದ್ದೇ ನಿದ್ದೆ ವ್ಯವಸ್ಥೆ) ಬಿಡುತ್ತದೆ ಅಷ್ಟೇ. ಅದರ ಮೇಲೆ ತಯಾರಕರು ಹಾಕಿದ ಇನ್ನೊಂದು ಪದರ ಅದನ್ನು ಕೇಳಬೇಕು ಅಂತೇನಿಲ್ಲ.

ಎರಡನೆಯದು ನಿಜವಾಗಿ ಮೆಮೊರಿ. ಸ್ವಾಪ್ ಎಷ್ಟಿದೆ, ಎಷ್ಟು ತುಂಬಿದೆ ಅಂತ ಪ್ರೋಕ್ ಕೆಳಗಿನ ಸ್ವಾಪ್ಸ್ ಫೈಲ್ ನೋಡಿ ಹಾಕಿ. ಕ್ಯಾಮೆರಾ ತೆರೆದಿರುವಾಗಲೇ ನೋಡಿ.

ಬೆಟ್ಟದಹಾದಿ

ಒಟ್ಟು 2097148, ಬಳಸಿದ್ದು 1961200.

ಶೆಲ್‌ಸಂಗಾತಿ

ಕೆಬಿ ಲೆಕ್ಕ ಅದು. 2 ಜಿಬಿ ಝೀರ‍್ಯಾಮ್, ಉಳಿದಿರುವುದು ಸುಮಾರು 133 ಎಂಬಿ, ಶೇ 6.5. ಮೂಲ ಎಲ್‌ಎಂಕೆಡಿಯಲ್ಲಿ ಸ್ವಾಪ್ ಶೇ 10ಕ್ಕಿಂತ ಕಡಿಮೆ ಉಳಿದರೆ "ಸ್ವಾಪ್ ಕಡಿಮೆ" ಅಂತ ಲೆಕ್ಕ. ಅದರ ಮೇಲೆ ಕ್ಯಾಮೆರಾ ಒಂದೇ ಸಲ ದೊಡ್ಡ ಬಫರ್‌ಗಳನ್ನು ಕೇಳುತ್ತದೆ, ಖಾಲಿ ಮೆಮೊರಿ ವಾಟರ್‌ಮಾರ್ಕ್‌ಗಿಂತ (ಕರ್ನಲ್ ಇಟ್ಟುಕೊಂಡ ಎಚ್ಚರಿಕೆಯ ಮಟ್ಟಕ್ಕಿಂತ) ಕೆಳಗೆ ಇಳಿಯುತ್ತದೆ, ಕ್ಯಾಶ್‌ನಲ್ಲಿದ್ದವು ಹೋಗುತ್ತವೆ. ಸ್ವಾಪಿನೆಸ್ 180 ಇಟ್ಟು ಝೀರ‍್ಯಾಮ್ 2 ಜಿಬಿಯಲ್ಲೇ ಬಿಟ್ಟರೆ ಅದು ಬೇಗ ತುಂಬುತ್ತದೆ ಅಷ್ಟೇ. ಮೊದಲು ಜಾಗ ದೊಡ್ಡದು ಮಾಡಬೇಕು. 4 ಜಿಬಿ ಮಾಡಿ.

ಎಚ್ಚರಿಕೆ ಒಂದಿದೆ. ಸೈಜ್ ಬದಲಿಸಲು ಮೊದಲು ಸ್ವಾಪ್‌ಆಫ್ ಮಾಡಬೇಕು. ಆಗ ಒತ್ತಿಟ್ಟದ್ದೆಲ್ಲ ಬಿಚ್ಚಿಕೊಂಡು ರ‍್ಯಾಮ್‌ಗೆ ವಾಪಸ್ ಬರುತ್ತದೆ. ತುಂಬಿದ ಫೋನ್‌ನಲ್ಲಿ ಮಾಡಿದರೆ ಹಿಡಿದುಕೊಂಡು ನಿಲ್ಲುತ್ತದೆ. ರೀಬೂಟ್ ಆದ ತಕ್ಷಣ ಮಾಡಿ. ಸ್ವಾಪ್‌ಆಫ್ ಆದ ಮೇಲೆ ರೀಸೆಟ್, ಬೇಕಿದ್ದರೆ ಕಂಪ್ರೆಶನ್, ಅದಾದ ಮೇಲೆ ಡಿಸ್ಕ್‌ಸೈಜ್, ಎಂಕೆಸ್ವಾಪ್, ಸ್ವಾಪ್‌ಆನ್. ಡಿಸ್ಕ್‌ಸೈಜ್ ಕೊಟ್ಟ ಮೇಲೆ ಕಂಪ್ರೆಶನ್ ಬದಲಿಸಲು ಬಿಡುವುದಿಲ್ಲ.

ಚುಕ್ಕಿಚಂದ್ರಮ

ಝಡ್‌ಎಸ್‌ಟಿಡಿ ಹಾಕಿ, ಹೇಳಿದ್ದೆನಲ್ಲ. ನನ್ನ ಕಾನ್ಫಿಗ್ ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ, ಥರ್ಮಲ್ ಬದಲಾವಣೆಗಳೂ ಅದರಲ್ಲೇ ಇವೆ.

ಹಳೇಕರ್ನಲ್

ನೋಟ್ಸ್ ಮೆಮೊರಿಯಿಂದ ಸಾಯುತ್ತದೆ ಅಂತ ನಾನೇ ಮೊದಲು ಹೇಳಿದ್ದು. ಇರಲಿ.

ಕಪ್ಪುಪರದೆ

ಇದೇ ವಿಷಯ ಅಂತ ಇಲ್ಲೇ ಕೇಳುತ್ತಿದ್ದೇನೆ. ನನ್ನದು 12 ಜಿಬಿ, ಅರ್ಧಕ್ಕಿಂತ ಜಾಸ್ತಿ ಖಾಲಿ. ಟರ್ಮಕ್ಸ್ ಅನ್ನುವ ಟರ್ಮಿನಲ್ ಆ್ಯಪ್‌ನಲ್ಲಿ ದೊಡ್ಡ ಬಿಲ್ಡ್ (ಪ್ರೋಗ್ರಾಂ ಕಂಪೈಲ್) ಹಾಕಿದರೆ ಮಧ್ಯದಲ್ಲಿ "ಪ್ರೋಸೆಸ್ ಕಂಪ್ಲೀಟೆಡ್, ಸಿಗ್ನಲ್ 9" ಅಂತ ಬಂದು ಎಲ್ಲ ನಿಲ್ಲುತ್ತದೆ. ಝೀರ‍್ಯಾಮ್ ಹೆಚ್ಚಿಸಲಾ?

ಶೆಲ್‌ಸಂಗಾತಿ

ಬೇಡ, ನಿಮ್ಮದು ಮೂರನೇ ಥರದ್ದು. ಆಂಡ್ರಾಯ್ಡ್ 12ರಿಂದ ಆ್ಯಪ್‌ಗಳು ಹುಟ್ಟಿಸಿದ ಮರಿ ಪ್ರೋಸೆಸ್‌ಗಳಿಗೆ ಇಡೀ ಫೋನ್‌ಗೆ ಸೇರಿ 32ರ ಮಿತಿ ಇದೆ. ದೊಡ್ಡ ಬಿಲ್ಡ್ ಅದನ್ನು ಸಲೀಸಾಗಿ ದಾಟುತ್ತದೆ. ರ‍್ಯಾಮ್ ಎಷ್ಟಿದ್ದರೂ ಅಷ್ಟೇ. ಆಂಡ್ರಾಯ್ಡ್ 14 ಆದರೆ ಡೆವಲಪರ್ ಆಯ್ಕೆಗಳಲ್ಲಿ ಚೈಲ್ಡ್ ಪ್ರೋಸೆಸ್ ನಿರ್ಬಂಧ ತೆಗೆಯುವ ಸ್ವಿಚ್ ಇದೆ.

ಕಪ್ಪುಪರದೆ

ನನ್ನದು 12. ಆ ಸ್ವಿಚ್ ಇಲ್ಲ.

ಮಿಂಚುಳ್ಳಿ

12 ಆದರೆ ಎಡಿಬಿಯಿಂದ ಡಿವೈಸ್ ಕಾನ್ಫಿಗ್ ಮೂಲಕ ಮ್ಯಾಕ್ಸ್ ಫ್ಯಾಂಟಮ್ ಪ್ರೋಸೆಸಸ್ (ಆ 32ರ ಮಿತಿ) ಅನ್ನು 2147483647 ಮಾಡಿ. ಅದಕ್ಕೂ ಮೊದಲು ಡಿವೈಸ್ ಕಾನ್ಫಿಗ್‌ನ ಸಿಂಕ್ ನಿಲ್ಲಿಸಿ, ಇಲ್ಲದಿದ್ದರೆ ಸರ್ವರ್‌ನಿಂದ ಹಳೇ ಮಿತಿ ವಾಪಸ್ ಬಂದು ಕೂರುತ್ತದೆ. ದಯವಿಟ್ಟು ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆಟ್ಟದಹಾದಿಯವರ ವಿಷಯ ಕಳೆದು ಹೋಗುತ್ತಿದೆ.

ಬೆಟ್ಟದಹಾದಿ

ದಾರಿ ಆ್ಯಪ್ ಸತ್ತ ಕೂಡಲೇ ಪಿಎಸ್ ಕೊಟ್ಟೆ. ತಯಾರಕರ ಸೆಕ್ಯುರಿಟಿ ಆ್ಯಪ್‌ನದ್ದೇ ಪಿಐಡಿ. ಅದರೊಳಗೆ ಆಟೋಸ್ಟಾರ್ಟ್, ಲಾಕ್ ಆದಾಗ ಮುಚ್ಚುವುದು ಅಂತ ಎರಡು ಬೇರೆ ಪಟ್ಟಿಗಳಿವೆ. ಸೆಟ್ಟಿಂಗ್‌ನ ಬ್ಯಾಟರಿ ಪುಟದಿಂದ ಅಲ್ಲಿಗೆ ದಾರಿಯೇ ಇಲ್ಲ. ಎರಡರಲ್ಲೂ ಬಿಡಿಸಿದೆ, ಗೆರೆ ಈಗ ಪೂರ್ತಿ ಬರುತ್ತಿದೆ.

ಝೀರ‍್ಯಾಮ್ 4 ಜಿಬಿ ಮಾಡಿದೆ, ಸ್ವಾಪಿನೆಸ್ 100. ಫೋಟೋ ತೆಗೆದು ಬಂದರೆ ನೋಟ್ಸ್ ಬರೆದದ್ದು ಬರೆದಂತೇ ಇದೆ. ವಿಡಿಯೋ ಮೋಡ್‌ಗೆ ಹೋದರೆ ಮಾತ್ರ ಇನ್ನೂ ಸಾಯುತ್ತದೆ. ಲಾಗ್‌ನಲ್ಲಿ ಎಲ್‌ಎಂಕೆಡಿ ಸಾಲು ಈಗ ಬೇರೆ: ಲೋ ವಾಟರ್‌ಮಾರ್ಕ್ ಬ್ರೀಚ್ ಆಗಿದೆ, ಥ್ರ್ಯಾಶಿಂಗ್ (ಹೊರಹಾಕಿದ ಪುಟಗಳನ್ನೇ ಪದೇ ಪದೇ ಮತ್ತೆ ಓದುವುದು) ಅಂತ ಶೇಕಡಾ ಸಂಖ್ಯೆ ತೋರಿಸುತ್ತದೆ, ಸ್ವಾಪ್ ಮಾತೇ ಇಲ್ಲ. ಥ್ರ್ಯಾಶಿಂಗ್ ಮಿತಿ ಏರಿಸಿ ನೋಡಿದವರು ಯಾರಾದರೂ ಇದ್ದೀರಾ? ಏರಿಸಿದರೆ ಫೋನ್ ತಡವರಿಸುತ್ತದಾ?

ಹಳೇಕರ್ನಲ್

ಸ್ವಾಪಿನೆಸ್ 60 ಮಾಡಿ ವಿಡಿಯೋ ಮೋಡ್ ಒಮ್ಮೆ ನೋಡಿ.